ದವಡೆ ಕೀಲಿನ ಹೆಸರಲ್ಲೊಂದು ಹುಸಿ ಭಯ

"ದವಡಿ ಮುಂದ ತಂದ್ರ ಕೀಲ ಸಡ್ಲಾಗ್ತದ್ರಿ. ನಾಳಿ ಹುಡುಗಿಗಿ ಜ್ವಾಳದ ರೊಟ್ಟಿ ಕಡೀಲಾಕ ಬರಲ್ಲ, ನೋಡ್ರಿ." ಮೇಲಿನ ಹಲ್ಲು ಮುಂದೆ ಚಾಚಿ, ಗದ್ದ ಹಿಂದೆ ಉಳಿದ ಮಗುವಿಗೆ ಚಿಕಿತ್ಸೆ ಕೊಡಿಸುವ ಮಾತು ಬೀದರ್ ಕಡೆಯ ಮನೆಯಲ್ಲಿ ಎದ್ದರೆ ಸಾಕು, ಇಂಥದೊಂದು ಎಚ್ಚರಿಕೆ ಎಲ್ಲಿಂದಲೋ ಬಂದು ಕೂರುತ್ತದೆ. ಹೇಳುವವರು ಅಜ್ಜಿಯೇ ಆಗಬೇಕಿಲ್ಲ. ಭಾಲ್ಕಿಯ ಔಷಧದ ಅಂಗಡಿ ಮುಂದೆ ನಿಂತ ಮಾಸ್ತರರು ಹೇಳುತ್ತಾರೆ, ಔರಾದ್ ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೇಳುತ್ತಾರೆ, ಒಮ್ಮೊಮ್ಮೆ ಬಿಳಿ ಕೋಟು ತೊಟ್ಟವರೂ "ಯಾಕ ಗಡಿಬಿಡಿ, ಎಲ್ಲಾ ಹಲ್ಲು ಬರ್ಲಿ, ಆಮ್ಯಾಲ ನೋಡಮು" ಎಂದು ಅದಕ್ಕೆ ಮುದ್ರೆ ಒತ್ತುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಮಗು ಬೆಳೆಯುತ್ತದೆ, ಗದ್ದ ಹಿಂದೆಯೇ ಉಳಿಯುತ್ತದೆ.

ಈ ನಂಬಿಕೆಯಲ್ಲಿ ಮೂರು ಮಾತು ಹೆಣೆದುಕೊಂಡಿವೆ. ಕೆಳದವಡೆಯನ್ನು ಮುಂದಕ್ಕೆ ತಂದರೆ ಕಿವಿಯ ಮುಂದಿನ ಕೀಲು ಜಾಗ ಬಿಟ್ಟು ಸಡಿಲಾಗುತ್ತದೆ ಎಂಬುದು ಒಂದು. ಸಡಿಲಾದ ಕೀಲು ವಯಸ್ಸಾದ ಮೇಲೆ ಸವೆದು ನೋಯುತ್ತದೆ ಎಂಬುದು ಎರಡು. ಆದ್ದರಿಂದ ಮಗು ದೊಡ್ಡದಾಗುವವರೆಗೆ ಕೈ ಹಾಕದಿರುವುದೇ ಕ್ಷೇಮ ಎಂಬುದು ಮೂರು. ಮೊದಲ ಎರಡು ಸುಳ್ಳು. ಮೂರನೆಯದು ಸುಳ್ಳಿಗಿಂತ ಕೆಟ್ಟದ್ದು; ಕೀಲಿಗೆ ನಿಜವಾದ ಅಪಾಯ ಎಲ್ಲಿದೆಯೋ ಅಲ್ಲಿಗೇ ಅದು ಮಗುವನ್ನು ಕರೆದೊಯ್ಯುತ್ತದೆ.

ಭಯದ ಬೇರು ಇರುವುದು ಕೀಲಿನ ಬಗೆಗಿನ ತಪ್ಪು ಕಲ್ಪನೆಯಲ್ಲಿ. ದವಡೆ ಎಂದರೆ ಬಾಗಿಲು, ಕೀಲು ಎಂದರೆ ಅದರ ತಿರುಗಣೆ ಎಂದು ನಾವು ಅಂದುಕೊಂಡಿದ್ದೇವೆ. ತಿರುಗಣೆ ಜಾಗ ಬಿಟ್ಟರೆ ಬಾಗಿಲು ಜೋತುಬೀಳುತ್ತದಲ್ಲ, ಹಾಗೆ. ಆದರೆ ದವಡೆಯ ಕೀಲು ಇರುವುದೇ ಜಾರುವುದಕ್ಕೆ. ಎರಡೂ ತೋರುಬೆರಳನ್ನು ಕಿವಿಯ ತೂತಿನ ಮುಂದೆ ಮೆಲ್ಲಗೆ ಒತ್ತಿ ಹಿಡಿದು, ನಿಧಾನವಾಗಿ ಬಾಯಿ ತೆರೆದು ನೋಡಿ. ಮೊದಮೊದಲು ಕೆಳದವಡೆಯ ಗುಂಡುತಲೆ ಕುಳಿಯೊಳಗೇ ತಿರುಗುತ್ತದೆ. ಇನ್ನಷ್ಟು ತೆರೆದಿರೋ, ಆ ಗುಂಡು ಬೆರಳಿನಡಿಯಿಂದ ಮುಂದಕ್ಕೆ ಸರಿಯುತ್ತದೆ. ಅದಿದ್ದಲ್ಲಿ ಒಂದು ತಗ್ಗು ಬೀಳುವುದು ಬೆರಳಿಗೇ ತಿಳಿಯುತ್ತದೆ. ಕುಳಿಯ ಮುಂದೆ ಮೂಳೆಯ ಒಂದು ದಿಣ್ಣೆ ಇದೆ. ಗುಂಡುತಲೆಯೂ ಅದರ ಮೇಲೆ ಕೂತ ತೆಳ್ಳನೆಯ ಡಿಸ್ಕೂ ಜೊತೆಯಾಗಿ ಆ ದಿಣ್ಣೆಯ ಇಳಿಜಾರಿನಲ್ಲಿ ಜಾರಿ ಮುಂದೆ ಬರುತ್ತವೆ, ಬಾಯಿ ಮುಚ್ಚಿದಾಗ ಜಾರಿ ಹಿಂದೆ ಹೋಗುತ್ತವೆ. ಪೂರ್ತಿ ಬಾಯಿ ತೆರೆದಾಗ ಈ ಜಾರಿಕೆ ಒಂದು ಸೆಂಟಿಮೀಟರ್‌ಗೂ ಹೆಚ್ಚು. ಅಂದರೆ ಆಕಳಿಸುವಾಗ, ಮಿರ್ಚಿ ಭಜಿಗೆ ಬಾಯಿ ತೆರೆಯುವಾಗ, ಜಾತ್ರೆಯಲ್ಲಿ ಹೆಸರು ಹಿಡಿದು ಕೂಗುವಾಗ ನಮ್ಮೆಲ್ಲರ ಕೀಲೂ "ಜಾಗ ಬಿಟ್ಟು" ಮುಂದೆ ಬರುತ್ತದೆ. ದಿನಕ್ಕೆ ಎಷ್ಟೋ ಸಲ ಬರುತ್ತದೆ. ಸಡಿಲಾಗುವುದಿದ್ದರೆ ಎಂದೋ ಆಗಬೇಕಿತ್ತು.

ಬಾಯಿ ಮುಚ್ಚಿಕೊಂಡೇ ಕೆಳದವಡೆಯನ್ನು ಮುಂದಕ್ಕೆ ಚಾಚಿದರೆ ಸಾಮಾನ್ಯವಾಗಿ 7ರಿಂದ 10 ಮಿಲಿಮೀಟರ್ ಬರುತ್ತದೆ. ಮಕ್ಕಳ ಚಿಕಿತ್ಸೆಯಲ್ಲಿ ದವಡೆಯನ್ನು ಮುಂದೆ ತರುವುದು ಬಹುತೇಕ ಈ ಮಿತಿಯೊಳಗೇ. ಕೀಲು ತಾನೇ ಹೋಗಿಬರುವ ದಾರಿಯಲ್ಲಿ ಅದನ್ನು ಸ್ವಲ್ಪ ಮುಂದೆ ನಿಲ್ಲಿಸುತ್ತಾರೆ, ಅಷ್ಟೆ. ಇನ್ನು ಆಪರೇಷನ್ ಕೋಣೆಗೆ ಬನ್ನಿ. ಬೀದರ್‌ನ ಬ್ರಿಮ್ಸ್ ಇರಲಿ, ಹೈದರಾಬಾದ್‌ನ ದೊಡ್ಡ ಆಸ್ಪತ್ರೆ ಇರಲಿ, ಅರಿವಳಿಕೆ ಕೊಟ್ಟ ರೋಗಿಯ ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟುವಂತಾದರೆ ವೈದ್ಯರು ಮೊದಲು ಮಾಡುವ ಕೆಲಸ ಯಾವುದು? ಕಿವಿಯ ಕೆಳಗಿನ ದವಡೆಯ ಮೂಲೆಗೆ ಬೆರಳಿಟ್ಟು ಇಡೀ ಕೆಳದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯುವುದು. ಹತ್ತೊಂಬತ್ತನೇ ಶತಮಾನದಿಂದ ವೈದ್ಯರು ಬಳಸುತ್ತ ಬಂದ ಉಪಾಯ ಇದು. ಮರುದಿನ ಒಂದಿಷ್ಟು ನೋವು ಉಳಿಯಬಹುದು. ಆದರೆ ಹರ್ನಿಯಾ ಆಪರೇಷನ್‌ಗೆ ಹೋದವರು ದವಡೆಯ ಕೀಲು ಕಳೆದುಕೊಂಡು ಮನೆಗೆ ಬಂದರೆಂದು ಯಾರೂ ದೂರುವುದಿಲ್ಲ.

ಮಕ್ಕಳಿಗೆ ಹಾಕುವ ಸಾಧನವನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಅರ್ಧ ಭಯ ಕಳೆಯುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಟ್ವಿನ್ ಬ್ಲಾಕ್. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು, ಹೀಗೆ ಅಕ್ರಿಲಿಕ್‌ನ ಎರಡು ಪ್ಲೇಟು. ತಂತಿಯ ಕೊಕ್ಕೆಗಳು ಹಲ್ಲನ್ನು ಹಿಡಿದಿರುತ್ತವೆ. ಎರಡರಲ್ಲೂ ಅಗಿಯುವ ಹಲ್ಲುಗಳ ಮೇಲೆ ಗಟ್ಟಿ ದಿಮ್ಮಿ, ಅದರ ಮುಖ ಸುಮಾರು 70 ಡಿಗ್ರಿ ಓರೆ. ಮಗು ಬಾಯಿ ಮುಚ್ಚುತ್ತಿದ್ದಂತೆ ಕೆಳಗಿನ ದಿಮ್ಮಿ ಮೇಲಿನದರ ಮುಂದೆ ಬಂದು ಕೂರುತ್ತದೆ. ಹಿಂದೆ ಹೋಗಿ ಕಚ್ಚುವುದಕ್ಕೆ ದಾರಿಯೇ ಇಲ್ಲ. ಸ್ಕ್ರೂ ತಿರುಗಿಸಿ ದವಡೆಯನ್ನು ಎಳೆಯುವ ಯಂತ್ರ ಅಲ್ಲಿಲ್ಲ, ಮೂಳೆಗೆ ಕೊರೆದ ಮೊಳೆಯೂ ಇಲ್ಲ. ದವಡೆಯನ್ನು ಮುಂದೆ ಹಿಡಿಯುವುದು ಮಗುವಿನದೇ ಸ್ನಾಯು. ತೆಗೆದು ಕೈಯಲ್ಲಿಟ್ಟರೆ ದವಡೆ ಮತ್ತೆ ಹಿಂದಕ್ಕೆ ಹೋಗಬಲ್ಲದು.

ಟ್ವಿನ್ ಬ್ಲಾಕ್ ಹುಟ್ಟಿದ್ದು ಬಿದ್ದು ಪೆಟ್ಟು ತಿಂದ ಹುಡುಗನೊಬ್ಬನಿಂದ. 1977ರಲ್ಲಿ ಸ್ಕಾಟ್ಲೆಂಡ್‌ನ ವಿಲಿಯಂ ಕ್ಲಾರ್ಕ್ ಎಂಬ ವಕ್ರದಂತ ತಜ್ಞರ ಬಳಿ ಅವರ ಸಹೋದ್ಯೋಗಿಯ ಮಗ ಬಂದ. ಎಂಟು ತುಂಬದ ಹುಡುಗ, ಬಿದ್ದು ಮುಂದಿನ ಹಲ್ಲು ಕಳಚಿತ್ತು. ಹಲ್ಲನ್ನು ಮತ್ತೆ ಕೂರಿಸಿದರು. ಆದರೆ ಕೆಳದವಡೆ ಹಿಂದಿದ್ದುದರಿಂದ ಕೆಳತುಟಿ ಮೇಲಿನ ಹಲ್ಲಿನ ಹಿಂದೆ ಸಿಕ್ಕಿಕೊಂಡು ಕೂರಿಸಿದ ಹಲ್ಲನ್ನೇ ತಳ್ಳುತ್ತಿತ್ತು. ದವಡೆಯನ್ನು ಮುಂದೆ ಹಿಡಿಯಲು ಕ್ಲಾರ್ಕ್ ಮಾಡಿದ ಎರಡು ದಿಮ್ಮಿಗಳೇ ಇವತ್ತಿನ ಟ್ವಿನ್ ಬ್ಲಾಕ್. ಆಲೋಚನೆ ಅದಕ್ಕಿಂತ ಹಳೆಯದು. ಫ್ರಾನ್ಸಿನ ಪಿಯೇರ್ ರೋಬಾನ್ 1902ರಲ್ಲೇ ಇಂಥ ಸಾಧನ ಮಾಡಿದ್ದರು. ಜರ್ಮನಿಯ ಎಮಿಲ್ ಹೆರ್ಬ್ಸ್ಟ್ ಹಲ್ಲಿಗೇ ಅಂಟಿಸಿ ಕೂರಿಸುವ, ಮಗು ತೆಗೆದಿಡಲಾಗದ ಸಾಧನವನ್ನು 1909ರಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ತೋರಿಸಿದರು. ಮರೆತುಹೋಗಿದ್ದ ಅದನ್ನು 1979ರಲ್ಲಿ ಹಾನ್ಸ್ ಪ್ಯಾಂಚರ್ಜ್ ಮತ್ತೆ ಬಳಕೆಗೆ ತಂದರು. ನೂರು ವರ್ಷ ದಾಟಿದ ಚಿಕಿತ್ಸೆಯನ್ನು "ಹೊಸಾದು, ನಮ್ಮ ಮಕ್ಕಳ ಮ್ಯಾಲೆ ಪ್ರಯೋಗ ಮಾಡ್ತಾರ" ಎನ್ನುವುದು ಸಲ್ಲದು.

ಕೀಲಿಗೆ ಏನಾಗುತ್ತದೆ ಎಂದು ಯಾರೂ ನೋಡಿಲ್ಲವೇ? ಬೇಕಾದಷ್ಟು ನೋಡಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ಜೇಮ್ಸ್ ಮೆಕ್‌ನಮಾರಾ ಮತ್ತು ಸಂಗಡಿಗರು ಎಳೆಯ ಕೋತಿಗಳ ದವಡೆಯನ್ನು ಮುಂದೆ ಹಿಡಿದು ಕೀಲನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಅವರು ಕಂಡದ್ದು ಗುಂಡುತಲೆಯ ಹಿಂಬದಿಯಲ್ಲಿ ಚುರುಕಾದ ಮೃದ್ವಸ್ಥಿಯ ಬೆಳವಣಿಗೆಯನ್ನು. ಮುಂದೆ 1990ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಸಬೀನೆ ರೂಫ್ ಮತ್ತು ಪ್ಯಾಂಚರ್ಜ್, ಹೆರ್ಬ್ಸ್ಟ್ ಸಾಧನ ಹಾಕಿದ ಹುಡುಗ ಹುಡುಗಿಯರ ಕೀಲನ್ನು ಎಂಆರ್‌ಐ ಮಾಡಿ ನೋಡಿದರು. ಗುಂಡುತಲೆಯಲ್ಲೂ ಕುಳಿಯಲ್ಲೂ ಮೂಳೆ ಹೊಂದಿಕೊಳ್ಳುವ ಕುರುಹು ಸಿಕ್ಕಿತು. ಚಿಕಿತ್ಸೆಯ ನಡುವೆ ಕೀಲಿನ ಹಿಂದಿನ ಪೊರೆಗೆ ತುಸು ಉರಿಯೂತ ಬಂದು ಹೋದದ್ದೂ ಕಂಡಿತು. ವರ್ಷಗಳ ನಂತರ ಮತ್ತೆ ನೋಡಿದಾಗ ಚಿಕಿತ್ಸೆಯಿಂದ ಕೀಲಿಗೆ ಶಾಶ್ವತ ಹಾನಿ ಆಗಿರಲಿಲ್ಲ. ಬೆಳೆಯುವ ಮಗುವಿನ ಕೀಲು ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತದೆ; ಒಗ್ಗಿಕೊಳ್ಳುವುದೇ ಅದರ ಗುಣ.

ಇದೇ ಉಸಿರಿನಲ್ಲಿ ಎದುರು ಪಕ್ಷದವರಿಗೂ ಒಂದು ಮಾತು ಹೇಳಬೇಕು. "ಸಾಧನ ಹಾಕಿದರೆ ಕೆಳದವಡೆ ಇನ್ನಷ್ಟು ಬೆಳೆಯುತ್ತದೆ, ಕೀಲುನೋವು ಮುಂದೆಂದೂ ಬರುವುದಿಲ್ಲ" ಎಂದು ಮಾರುವವರಿದ್ದಾರೆ. ಅದೂ ಸುಳ್ಳು. ಇಂಗ್ಲೆಂಡಿನಲ್ಲಿ ಕೆವಿನ್ ಓಬ್ರಯನ್ ಮತ್ತು ಸಂಗಡಿಗರು 8ರಿಂದ 10 ವರ್ಷದ 174 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಟ್ವಿನ್ ಬ್ಲಾಕ್ ಹಾಕಿ, ಇನ್ನೊಂದನ್ನು ಕಾಯಿಸಿದರು. 2003ರಲ್ಲಿ ಬಂದ ಫಲಿತಾಂಶದ ಪ್ರಕಾರ ಹಲ್ಲಿನ ಚಾಚು ಚೆನ್ನಾಗಿ ಇಳಿದಿತ್ತು. ಆದರೆ ಮೂಳೆಯ ಬದಲಾವಣೆಯ ಪಾಲು ಅದರಲ್ಲಿ ಸುಮಾರು ಕಾಲುಭಾಗ ಮಾತ್ರ, ಉಳಿದದ್ದೆಲ್ಲ ಹಲ್ಲು ವಾಲಿದ್ದು. ಕೀಲುನೋವಿಗೆ ಹಲ್ಲಿನ ಕ್ಲಿಪ್ ಮದ್ದು ಎನ್ನುವುದಕ್ಕೂ ನಂಬಬಹುದಾದ ಪುರಾವೆ ಇಲ್ಲ; 2010ರಲ್ಲಿ ಕೊಕ್ರೇನ್ ಸಂಸ್ಥೆಯ ವಿಮರ್ಶಕರು ಹುಡುಕಿದಾಗ ತಕ್ಕ ಒಂದು ಪರೀಕ್ಷೆಯೂ ಸಿಗಲಿಲ್ಲ. ಸಾಧನ ಕೀಲನ್ನು ಕೆಡಿಸುವುದಿಲ್ಲ, ಕೆಟ್ಟ ಕೀಲನ್ನು ಸರಿ ಮಾಡುವುದೂ ಇಲ್ಲ. ಹೆದರಿಸುವವರಿಗೂ ಆಸೆ ತೋರಿಸುವವರಿಗೂ ಈ ಉತ್ತರ ಸಪ್ಪೆ ಎನಿಸೀತು. ಆದರೆ ಸತ್ಯ ಇರುವುದು ಅಷ್ಟೇ.

"ಹಾಕಿದ ದಿನಾನೇ ಹುಡುಗ ಕಿವಿ ಹತ್ರ ನೋವು ಅಂದ, ಅದಕ್ಕೇನಂತೀರಿ?" ಎಂದು ಕೇಳುವವರಿದ್ದಾರೆ. ನೋವು ಬರುತ್ತದೆ. ಅಭ್ಯಾಸವಿಲ್ಲದ ಭಂಗಿಯಲ್ಲಿ ಹಗಲು ರಾತ್ರಿ ನಿಂತ ಸ್ನಾಯು ನೋಯಲೇಬೇಕು. ಒಂದೆರಡು ವಾರದಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ. ಕೀಲಿನಲ್ಲಿ ಟಿಕ್ ಎಂಬ ಸದ್ದು ಕೇಳಿಸಿತೆಂದು ಗಾಬರಿಯಾಗುವವರಿಗೆ ಗೊತ್ತಿರಬೇಕಾದ ಸಂಗತಿ ಇನ್ನೊಂದಿದೆ. ಎಂದೂ ಕ್ಲಿಪ್ ಹಾಕಿಸದ ಎಷ್ಟೋ ಜನರ ಕೀಲಿನಲ್ಲೂ ಆ ಸದ್ದಿರುತ್ತದೆ. ಹದಿಹರೆಯದಲ್ಲಿ ಅದು ಹೆಚ್ಚಾಗುವುದು ವಾಡಿಕೆ, ಕ್ಲಿಪ್ ಹಾಕುವುದೂ ಅದೇ ವಯಸ್ಸಿನಲ್ಲಿ. ಎರಡೂ ಒಂದೇ ಕಾಲಕ್ಕೆ ಬಂದವೆಂದು ಒಂದರಿಂದ ಇನ್ನೊಂದು ಆಯಿತು ಎನ್ನುವುದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ನಂಟು ಕಟ್ಟಿದ ಹಾಗೆ.

ಈ ಗೊಂದಲದಲ್ಲಿ ಬಿದ್ದವರು ನಾವಷ್ಟೇ ಅಲ್ಲ. 1987ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ನ್ಯಾಯದರ್ಶಿ ಮಂಡಳಿಯೊಂದು, ಹಲ್ಲಿನ ಚಿಕಿತ್ಸೆಯಿಂದ ಕೀಲು ಕೆಟ್ಟಿತೆಂಬ ದೂರಿಗೆ ಎಂಟೂವರೆ ಲಕ್ಷ ಡಾಲರ್ ಪರಿಹಾರ ವಿಧಿಸಿತು. ಸ್ವಾರಸ್ಯ ಇರುವುದು ದೂರಿನಲ್ಲಿ. ಅಲ್ಲಿನ ಆರೋಪ ಚಿಕಿತ್ಸೆ ದವಡೆಯನ್ನು ಹಿಂದಕ್ಕೆ ತಳ್ಳಿತು ಎಂದು! ಅಂದರೆ ಹಿಂದೆ ತಳ್ಳಿದರೂ ಕೀಲು ಹಾಳು, ಮುಂದೆ ತಂದರೂ ಕೀಲು ಹಾಳು. ಆ ತೀರ್ಪಿಗೆ ಬೆಚ್ಚಿದ ಅಮೆರಿಕದ ವಕ್ರದಂತ ತಜ್ಞರ ಸಂಘ ಸಂಶೋಧನೆಗೆ ಹಣ ಹಾಕಿತು. 1992ರಲ್ಲಿ ಅವರ ಪತ್ರಿಕೆಯಲ್ಲಿ ಫಲಿತಾಂಶಗಳು ಒಟ್ಟಾಗಿ ಬಂದವು. ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಕೀಲಿನ ತೊಂದರೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಈಗ ಹೆದರಿಸುವವರ ಅತಿ ಗಟ್ಟಿ ವಾದಕ್ಕೆ ಬರುತ್ತೇನೆ. ದವಡೆಯನ್ನು ಮುಂದೆ ತಂದ ಮೇಲೆ ಕೀಲಿನ ಗುಂಡುತಲೆ ಕರಗಿಹೋದ ಪ್ರಕರಣಗಳು ಇಲ್ಲವೇ? ಇವೆ. ಒಪ್ಪಬೇಕು. ಆದರೆ ಅವು ಯಾವ ಚಿಕಿತ್ಸೆಯಲ್ಲಿ? ಬೆಳವಣಿಗೆ ಮುಗಿದ ಮೇಲೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ. 1957ರಲ್ಲಿ ಟ್ರಾವ್ನರ್ ಮತ್ತು ಓಬ್ವೆಗೆಸರ್ ವಿವರಿಸಿದ ವಿಧಾನದಲ್ಲಿ ಕೆಳದವಡೆಯ ಮೂಳೆಯನ್ನು ಎರಡೂ ಕಡೆ ಉದ್ದಕ್ಕೆ ಸೀಳಿ, ಹಲ್ಲಿರುವ ಭಾಗವನ್ನು ಮುಂದೆ ತಂದು, ಪ್ಲೇಟು ಸ್ಕ್ರೂ ಹಾಕಿ ಬಿಗಿಯುತ್ತಾರೆ. ಒಳ್ಳೆಯ ವಿಧಾನ, ಲಕ್ಷಾಂತರ ಜನರ ಬದುಕು ಹಸನು ಮಾಡಿದೆ. ಆದರೆ ಅಲ್ಲಿ ದವಡೆ ಒಂದೇ ದಿನ ಮುಂದೆ ಬರುತ್ತದೆ; ಸುತ್ತಲಿನ ಸ್ನಾಯು ಮತ್ತು ಚರ್ಮ ಅದನ್ನು ಹಿಂದಕ್ಕೆ ಎಳೆಯುತ್ತವೆ, ಆ ಭಾರ ಕೀಲಿಗೆ ಬೀಳುತ್ತದೆ. ಬಿಗಿಯುವಾಗ ಗುಂಡುತಲೆ ತುಸು ಓರೆಯಾದರೂ ಒತ್ತಡ ಇನ್ನಷ್ಟು. ಮುಖ್ಯವಾಗಿ ಹರೆಯದ ಹೆಣ್ಣುಮಕ್ಕಳಲ್ಲಿ, ಗುಂಡುತಲೆ ಮೊದಲೇ ಸಣ್ಣದಿದ್ದವರಲ್ಲಿ, ಕೀಲಿನ ಕಾಯಿಲೆ ಮೊದಲೇ ಇದ್ದವರಲ್ಲಿ, ದವಡೆಯನ್ನು ಬಹಳ ಮುಂದೆ ತಂದಾಗ ಕೆಲವರ ಗುಂಡುತಲೆ ಸವೆದು, ಗದ್ದ ಮತ್ತೆ ಹಿಂದೆ ಸರಿಯುತ್ತದೆ. ಮಾಡುವವರು ಇದನ್ನು ಮೊದಲೇ ಹೇಳಬೇಕು, ಮಾಡಿಸಿಕೊಳ್ಳುವವರು ಕೇಳಬೇಕು.

ಹಾಗಿದ್ದರೆ "ಕಾಯೋಣ" ಎಂದವರ ಲೆಕ್ಕ ಎಲ್ಲಿಗೆ ಬಂತು, ನೋಡಿ. ಸಾಧನಕ್ಕೆ ತಕ್ಕ ಕಾಲ ಮಗು ಸರಸರನೆ ಎತ್ತರಕ್ಕೆ ಬೆಳೆಯುವ ಕಾಲ. ಹೆಣ್ಣುಮಕ್ಕಳಲ್ಲಿ ಅದು ಒಂದೆರಡು ವರ್ಷ ಮೊದಲು ಬರುತ್ತದೆ, ಗಂಡುಮಕ್ಕಳಲ್ಲಿ ನಂತರ. ಪ್ರೈಮರಿ ಮುಗಿಸಿ ಹೈಸ್ಕೂಲಿಗೆ ಕಾಲಿಡುವ ಆಸುಪಾಸು ಎನ್ನಿ. ಎಂಟನೇ ವರ್ಷಕ್ಕೇ ಓಡಬೇಕೆಂದು ನಾನು ಹೇಳುತ್ತಿಲ್ಲ. ಕೊಕ್ರೇನ್ ವಿಮರ್ಶೆ 2013ರಲ್ಲೂ 2018ರಲ್ಲೂ ಹೇಳಿದ್ದು ಹೀಗೆ: ಬಹಳ ಮೊದಲೇ ಆರಂಭಿಸಿದ್ದಕ್ಕೆ ಸಿಕ್ಕ ಹೆಚ್ಚಿನ ಲಾಭ ಒಂದೇ, ಮುಂದಿನ ಹಲ್ಲಿಗೆ ಪೆಟ್ಟು ಬೀಳುವುದು ಕಡಿಮೆಯಾಗುತ್ತದೆ. ಆದರೆ ಆ ಮಾತು ಎಂಟಕ್ಕೋ ಹನ್ನೆರಡಕ್ಕೋ ಎಂಬ ಪ್ರಶ್ನೆಗೆ ಉತ್ತರ. ಪಿಯುಸಿ ಆಗಲಿ, ಡಿಗ್ರಿ ಆಗಲಿ, ಗಂಡು ನೋಡಲು ಶುರುಮಾಡಿದಾಗ ನೋಡೋಣ ಎನ್ನುವವರಿಗೆ ಅದರಲ್ಲಿ ಯಾವ ಸಮರ್ಥನೆಯೂ ಇಲ್ಲ. ಬೆಳವಣಿಗೆ ನಿಂತ ಮೇಲೆ ದಾರಿ ಎರಡೇ. ಮೇಲಿನ ಹಲ್ಲು ಕಿತ್ತು ಮುಂದಿನವನ್ನು ಹಿಂದೆ ತಂದು ಗದ್ದದ ಕೊರತೆಯನ್ನು ಮರೆಮಾಚುವುದು ಒಂದು, ಮೂಳೆ ಸೀಳುವ ಶಸ್ತ್ರಚಿಕಿತ್ಸೆ ಇನ್ನೊಂದು. ಕೀಲಿಗೆ ಅಪಾಯವಿಲ್ಲದ ವಯಸ್ಸನ್ನು ಕೀಲಿನ ಹೆಸರಲ್ಲೇ ಕಳೆದು, ಕೀಲಿಗೆ ಅಪಾಯವಿರುವ ಮೇಜಿನ ಮೇಲೆ ಮಗಳನ್ನು ಮಲಗಿಸುತ್ತೇವೆ. ಇದಕ್ಕಿಂತ ಅಡ್ಡ ಲೆಕ್ಕ ಇನ್ನೇನಿದೆ?

ದೊಡ್ಡವರ ಗೊರಕೆಗೆ ಕೊಡುವ ಸಾಧನದ ಮೇಲೂ ಇದೇ ಅನುಮಾನ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ರಾತ್ರಿ ಮಾತ್ರ ದವಡೆಯನ್ನು ಮುಂದೆ ಹಿಡಿಯುವ ಸಾಧನ ಕೊಡುವುದುಂಟು. ಕಾಯಿಲೆ ತೀವ್ರವಾಗಿದ್ದರೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವೇ ಮೊದಲ ಆಯ್ಕೆ. ಅದು ಒಗ್ಗದವರಿಗೆ, ಕಾಯಿಲೆ ಅಷ್ಟು ತೀವ್ರವಿಲ್ಲದವರಿಗೆ ದವಡೆಯ ಸಾಧನ. ಬೆಳಿಗ್ಗೆ ಎದ್ದಾಗ ದವಡೆ ಬಿಗಿದಂತಾಗಿ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ವರ್ಷಗಟ್ಟಲೆ ಹಾಕಿದರೆ ಬದಲಾಗುವುದು ಮುಖ್ಯವಾಗಿ ಹಲ್ಲು, ಕಚ್ಚು ತುಸು ವ್ಯತ್ಯಾಸವಾಗುತ್ತದೆ. ಎಚ್ಚರ ಬೇಕಿರುವುದು ಆನ್‌ಲೈನ್‌ನಲ್ಲಿ ತರಿಸಿ ಬಿಸಿನೀರಲ್ಲಿ ಅದ್ದಿ ಕಚ್ಚುವ ಅಗ್ಗದ ಸಾಧನಗಳ ಬಗ್ಗೆ. ಕೀಲು, ಹಲ್ಲು, ನಿದ್ದೆ ಯಾವುದನ್ನೂ ಪರೀಕ್ಷಿಸದೆ ಹಾಕಿಕೊಂಡರೆ ತಪ್ಪು ಸಾಧನದ್ದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮ ಕಡೆ ಮಕ್ಕಳ ಕೀಲು ನಿಜಕ್ಕೂ ಹಾಳಾಗುವುದು ಎಲ್ಲಿ ಎಂಬ ಪ್ರಶ್ನೆಗೆ ಬರೋಣ. ಮಾಳಿಗೆಯ ಮೆಟ್ಟಿಲಿನಲ್ಲಿ. ಬೇವಿನ ಗಿಡದ ಕೊಂಬೆಯಲ್ಲಿ. ಅಪ್ಪನ ಬೈಕಿನ ಟ್ಯಾಂಕಿನ ಮೇಲೆ ಕೂತಾಗ. ಮಗು ಮುಗ್ಗರಿಸಿ ಗದ್ದ ಊರಿ ಬೀಳುತ್ತದೆ. ಗದ್ದದ ಕೆಳಗೆ ಚರ್ಮ ಒಡೆದು ರಕ್ತ ಸುರಿಯುತ್ತದೆ. ಎತ್ತಿಕೊಂಡು ಓಡುತ್ತಾರೆ, ಹೊಲಿಗೆ ಬೀಳುತ್ತದೆ, ಟಿಟಿ ಚುಚ್ಚುತ್ತಾರೆ, ಮನೆಗೆ ಕರೆತರುತ್ತಾರೆ. ಗಾಯ ವಾರದಲ್ಲಿ ಮಾಯುತ್ತದೆ. ಗದ್ದಕ್ಕೆ ಬಿದ್ದ ಪೆಟ್ಟು ಮೂಳೆಯುದ್ದಕ್ಕೂ ಸಾಗಿ ಕಿವಿಯ ಮುಂದಿನ ಗುಂಡುತಲೆಯನ್ನು ಮುರಿದಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಗಾಯ ಇರುವುದು ಗದ್ದದಲ್ಲಿ, ಕಿವಿಯ ಹತ್ತಿರ ಯಾಕೆ ನೋಡಬೇಕು?

ಚಿಕ್ಕ ಮಕ್ಕಳ ಗುಂಡುತಲೆಯಲ್ಲಿ ರಕ್ತ ಹೆಚ್ಚು. ಅದು ನುಚ್ಚಾದರೆ ಕೀಲಿನೊಳಗೆ ರಕ್ತ ತುಂಬುತ್ತದೆ. ನೋವಿಗೆ ಹೆದರಿ ಮಗು ಬಾಯಿ ತೆರೆಯುವುದಿಲ್ಲ. ಪಾಪ, ಗಂಜಿ ಕುಡಿಯಲಿ ಬಿಡು ಎಂದು ಮನೆಯವರೂ ಸುಮ್ಮನಿರುತ್ತಾರೆ. ಅಲುಗಾಡದ ಕೀಲಿನಲ್ಲಿ ಆ ರಕ್ತ ಗಟ್ಟಿಯಾಗಿ, ನಾರಾಗಿ, ಕೊನೆಗೆ ಮೂಳೆಯಾಗಿ, ಗುಂಡುತಲೆ ಕುಳಿಗೆ ಬೆಸೆದುಹೋಗುತ್ತದೆ. ತಿಂಗಳು ತಿಂಗಳಿಗೆ ಬಾಯಿ ಕಿರಿದಾಗುತ್ತ ಬರುತ್ತದೆ. ಮೊದಲು ರೊಟ್ಟಿಯ ತುತ್ತು ಹಿಡಿಯುವುದಿಲ್ಲ, ಆಮೇಲೆ ಚಮಚ, ಆಮೇಲೆ ಹಲ್ಲಿನ ಸಂದಿಯಿಂದ ಬೆರಳಲ್ಲಿ ತೂರಿಸಿದ ಅನ್ನ ಮಾತ್ರ. ಗುಂಡುತಲೆಯ ಬೆಳವಣಿಗೆ ಕುಂಠಿತವಾದ್ದರಿಂದ ಕೆಳದವಡೆ ಬೆಳೆಯುವುದಿಲ್ಲ, ಗದ್ದ ಕುತ್ತಿಗೆಗೆ ಅಂಟುತ್ತದೆ. ಬ್ರಷ್ ಒಳಗೆ ಹೋಗದೆ ಹಲ್ಲು ಹುಳುಕಾಗುತ್ತವೆ. ನಾಲಿಗೆಗೆ ಜಾಗ ಸಾಲದೆ ರಾತ್ರಿ ಗೊರಕೆ, ಉಸಿರುಕಟ್ಟು. ಕಿವಿ ಸೋರುವುದನ್ನು ವರ್ಷಗಟ್ಟಲೆ ಎಣ್ಣೆ ಹಾಕಿ ಬಿಟ್ಟ ಮಕ್ಕಳಲ್ಲೂ, ಕೀವು ಪಕ್ಕದ ಕೀಲಿಗೆ ಹಬ್ಬಿ ಹೀಗಾಗುವುದುಂಟು.

ಅಂಥ ಮಗುವಿಗೆ ಚಿಕಿತ್ಸೆ ಏನು? ಬೆಸೆದ ಮೂಳೆಯನ್ನು ಕೊರೆದು ತೆಗೆಯಬೇಕು. ಬಾಯಿಯೇ ತೆರೆಯದ್ದರಿಂದ ಅರಿವಳಿಕೆಯ ನಳಿಕೆ ಇಳಿಸುವುದೇ ದೊಡ್ಡ ಸಾಹಸ. ಅಮೆರಿಕದ ಲಿಯೊನಾರ್ಡ್ ಕಾಬನ್ 1990ರಲ್ಲಿ ಬರೆದ ಕ್ರಮದಂತೆ ಬಾಯಿ ಕನಿಷ್ಠ 35 ಮಿಲಿಮೀಟರ್ ತೆರೆಯುವಂತೆ ಮಾಡಿ, ಎಷ್ಟೋ ಸಲ ಪಕ್ಕೆಲುಬಿನ ತುಂಡನ್ನು ಮೃದ್ವಸ್ಥಿಯ ಸಮೇತ ತಂದು ಹೊಸ ಗುಂಡುತಲೆ ಕಟ್ಟುತ್ತಾರೆ. ನಂತರ ತಿಂಗಳುಗಟ್ಟಲೆ ಅಳುತ್ತಲೇ ಬಾಯಿ ತೆರೆಯುವ ವ್ಯಾಯಾಮ. ಬೆಳೆಯದ ದವಡೆಗೆ? ಮುಂದೆ ತರುವುದೇ ಮದ್ದು. ಮೂಳೆ ಸೀಳಿ, ಸ್ಕ್ರೂ ಸಾಧನದಿಂದ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಹಿಗ್ಗಿಸಿ ನಡುವೆ ಹೊಸ ಮೂಳೆ ಬೆಳೆಸುತ್ತಾರೆ. ಸೈಬೀರಿಯಾದ ಇಲಿಜಾರೋವ್ ಕಾಲಿನ ಮೂಳೆಗೆ ಕಂಡುಹಿಡಿದದ್ದನ್ನು ನ್ಯೂಯಾರ್ಕಿನ ಜೋಸೆಫ್ ಮೆಕಾರ್ಥಿ ಮಕ್ಕಳ ದವಡೆಗೆ ತಂದು 1992ರಲ್ಲಿ ಪ್ರಕಟಿಸಿದರು. ಉಸಿರುಕಟ್ಟು ಜೋರಾಗಿರುವ ಮಕ್ಕಳಲ್ಲಿ ಕೀಲು ಬಿಡಿಸುವುದಕ್ಕೂ ಮೊದಲೇ ದವಡೆಯನ್ನು ಮುಂದೆ ತರುವ ವೈದ್ಯರು ನಮ್ಮ ದೇಶದಲ್ಲೇ ಇದ್ದಾರೆ. ಯಾವುದಕ್ಕೆ ಹೆದರಿ ಕೂತಿದ್ದೆವೋ, ಕೀಲು ಕಳೆದುಕೊಂಡ ಮಗುವಿನ ಜೀವ ಉಳಿಸುವುದು ಅದೇ!

ಹಾಗಾದರೆ ಈ ಹುಸಿ ಭಯ ಇಷ್ಟು ದಿನ ಬಾಳುವುದು ಹೇಗೆ? ನನ್ನ ಪ್ರಕಾರ ಅದಕ್ಕೆ ಉಪಯೋಗ ಇದೆ. ಔರಾದ್‌ನಿಂದಲೂ ಭಾಲ್ಕಿಯಿಂದಲೂ ಬೀದರ್ ಸುಮಾರು 40 ಕಿಲೋಮೀಟರ್. ಭಾಲ್ಕಿಗೆ ರೈಲಿದೆ, ಔರಾದ್‌ನವರಿಗೆ ಬಸ್ಸೇ ಗತಿ. ಸಾಧನ ಹಾಕಿಸಿದರೆ ಮುಕ್ಕಾಲು ವರ್ಷವೋ ಒಂದು ವರ್ಷವೋ, ತಿಂಗಳಿಗೊಮ್ಮೆ ಒಂದೂವರೆ ತಿಂಗಳಿಗೊಮ್ಮೆ ತೋರಿಸಬೇಕು. ಪ್ರತಿ ಸಲ ಒಬ್ಬರ ಕೂಲಿ ಹೋಗುತ್ತದೆ, ಮಗುವಿನ ಶಾಲೆ ತಪ್ಪುತ್ತದೆ. ಇದು ನಿಜವಾದ ಕಷ್ಟ, ಹೇಳಿಕೊಳ್ಳಲು ನಾಚಿಕೆಪಡಬೇಕಾದ್ದೇನೂ ಇಲ್ಲ. ಆದರೆ "ನಮ್ಮಿಂದ ಆಗ್ತಿಲ್ಲ" ಎನ್ನುವುದಕ್ಕಿಂತ "ಕೀಲು ಕೆಡುತ್ತದಂತೆ" ಎನ್ನುವುದು ಸುಲಭ. ಬಡತನದ ಮಾತು ವೈದ್ಯಕೀಯದ ವೇಷ ತೊಡುತ್ತದೆ. ಕಷ್ಟ ಕಷ್ಟವೆಂದೇ ಹೇಳಿದರೆ ಪರಿಹಾರ ಕೇಳಬಹುದು. ನೌಬಾದ್‌ನಲ್ಲಿ ಎಸ್.ಬಿ. ಪಾಟೀಲ ದಂತ ವೈದ್ಯಕೀಯ ಕಾಲೇಜಿದೆ, ಬೀದರ್‌ನಲ್ಲಿ ಬ್ರಿಮ್ಸ್ ಇದೆ. ತಿಂಗಳಿಗೊಂದು ದಿನ ತಾಲ್ಲೂಕು ಆಸ್ಪತ್ರೆಗೇ ತಜ್ಞರು ಬರಲಿ ಎಂದು ಒತ್ತಾಯಿಸಬಹುದು. ಕಷ್ಟಕ್ಕೆ ಭಯದ ವೇಷ ಹಾಕಿದರೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಇನ್ನು ದವಡೆಯಲ್ಲಿ ಗುಟ್ಕಾ ಒತ್ತರಿಸಿಕೊಂಡೇ ಮಗಳ ಕೀಲಿನ ಚಿಂತೆ ಮಾಡುವ ಅಪ್ಪಂದಿರಿಗೆ ಏನು ಹೇಳುವುದು? ಕೆನ್ನೆಯ ಒಳಚರ್ಮ ನಾರುಗಟ್ಟಿ ಬಾಯಿ ಬಿಗಿದುಕೊಳ್ಳುವುದು ಆ ಗುಟ್ಕಾದಿಂದ. ಅದು ಕ್ಯಾನ್ಸರಿಗೂ ದಾರಿ.

ಸಾಧನಕ್ಕೆ ಸೋಲೇ ಇಲ್ಲವೆಂದಲ್ಲ. ಓಬ್ರಯನ್ ಅವರದೇ ಇನ್ನೊಂದು ಪರೀಕ್ಷೆಯಲ್ಲಿ ಟ್ವಿನ್ ಬ್ಲಾಕ್ ಹಾಕಿದ ಮೂವರಲ್ಲಿ ಒಬ್ಬರು ಚಿಕಿತ್ಸೆ ಪೂರ್ತಿ ಮಾಡಲಿಲ್ಲ. ಕಾರಣ ಅಂಥ ದೊಡ್ಡದೇನಲ್ಲ. ಮಾತು ತೊದಲುತ್ತದೆ, ಊಟಕ್ಕೆ ಅಡ್ಡಿ, ಗೆಳೆಯರು ನಗುತ್ತಾರೆ. ಮಗು ತೆಗೆದು ಕರವಸ್ತ್ರದಲ್ಲಿ ಸುತ್ತಿ ಕಿಸೆಯಲ್ಲಿಡುತ್ತದೆ. ಹೆತ್ತವರ ಕಣ್ಣು ಇರಬೇಕಾದ್ದು ಅಲ್ಲಿ. ಹಾಗೆಯೇ ಗದ್ದ ಹಿಂದಿರುವ ಎಲ್ಲ ಮಕ್ಕಳಿಗೂ ನೇರ ಸಾಧನ ಹಾಕುವುದೂ ತಪ್ಪು. ಮಕ್ಕಳಿಗೂ ಸಂಧಿವಾತ ಬರುತ್ತದೆ, ಅದು ದವಡೆಯ ಕೀಲನ್ನು ಸದ್ದಿಲ್ಲದೆ ತಿನ್ನುತ್ತದೆ. ಮಗು ಹಿಂದೆ ಬಿದ್ದಿತ್ತೇ, ಕಿವಿ ಸೋರಿತ್ತೇ, ಬೆಳಿಗ್ಗೆ ಮೊಣಕಾಲು ಬಿಗಿಯುತ್ತದೆಯೇ ಎಂದು ಕೇಳದೆ, ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯದೆ ಅಳತೆ ಅಚ್ಚು ತೆಗೆಯುವ ವೈದ್ಯರನ್ನು ಪ್ರಶ್ನಿಸುವ ಹಕ್ಕು ನಿಮಗಿದೆ.

ಕೀಲಿನ ಚಿಂತೆ ನಿಜವಾಗಿ ಇದ್ದರೆ, ಅದಕ್ಕೆ ತಕ್ಕ ಕೆಲಸ ಇಲ್ಲಿದೆ. ಇವತ್ತೇ ನಿಮ್ಮ ಮಗುವಿಗೆ ಹೇಳಿ, ತನ್ನದೇ ಕೈಯ ನಡುವಿನ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಗಿಟ್ಟುಕೊಳ್ಳಲಿ. ಹಿಡಿದರೆ ಸರಿ. ಎರಡೇ ಬೆರಳು ಹಿಡಿದರೆ, ಬಾಯಿ ತೆರೆಯುವಾಗ ಗದ್ದ ಒಂದು ಕಡೆಗೆ ವಾಲಿದರೆ, ತಡಮಾಡದೆ ತೋರಿಸಿ. ಗದ್ದ ಒಡೆದ ಮಗುವಿಗೆ ಹೊಲಿಗೆ ಹಾಕಿಸುವಾಗ ಕಿವಿಯ ಮುಂದಿನ ಕೀಲನ್ನೂ ನೋಡಿ ಎಂದು ವೈದ್ಯರಿಗೆ ಹೇಳಿ. ಮುರಿದಿದ್ದರೆ ಮೆತ್ತನೆಯ ಊಟ ಕೊಡಿ, ವೈದ್ಯರು ಹೇಳಿದ ದಿನದಿಂದ ಬಾಯಿ ತೆರೆಯುವ ವ್ಯಾಯಾಮ ಮಾಡಿಸಿ, ಮಗು ಬೆಳೆಯುವವರೆಗೆ ಆಗಾಗ ತೋರಿಸುತ್ತಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳ ಕಣ್ಣು, ಕಿವಿ, ಹಲ್ಲು ನೋಡಬೇಕೆಂಬುದು ನಿಯಮ. ಅದೇ ಹೊತ್ತಿನಲ್ಲಿ ಪ್ರತಿ ಮಗುವಿನ ಬಾಯಿಗೆ ಮೂರು ಬೆರಳು ಹಿಡಿಯುತ್ತದೆಯೇ ಎಂದು ನೋಡಲು ಒಂದು ನಿಮಿಷವೂ ಬೇಡ, ಒಂದು ರೂಪಾಯಿಯೂ ಬೇಡ. ಬೀದರ್ ಜಿಲ್ಲೆಯ ಆರೋಗ್ಯ ಇಲಾಖೆ ಈ ಶಾಲಾ ವರ್ಷದಲ್ಲೇ ಅದನ್ನು ಶುರುಮಾಡಲಿ.